ಇಳಿಯುವ ಲೆಕ್ಕ ಮೊದಲು: ಮಡಕಶಿರಾ ಸೀಮೆಯ ಬಂಡೆ ಬೆಟ್ಟದ ಗುಡಿಗಳಿಗೆ ಹೋಗುವ ಬಗೆ

ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ. ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ಈ ಮಂಡಲಗಳಲ್ಲಿ ಬಸ್ಸಿನ ಬೋರ್ಡು ತೆಲುಗಿನಲ್ಲಿರುತ್ತದೆ, ದಾರಿ ಕೇಳಿದರೆ ಉತ್ತರ ಕನ್ನಡದಲ್ಲಿ ಬರುತ್ತದೆ. ಊರ ಹಿಂದೆ ಒಂದು ಬಂಡೆ ಬೆಟ್ಟ, ಅದರ ನೆತ್ತಿಯ ಮೇಲೋ ಪಕ್ಕೆಯಲ್ಲೋ ಒಬ್ಬ ನರಸಿಂಹ, ಇಲ್ಲವೇ ಈಶ್ವರ, ಇಲ್ಲವೇ ಹನುಮಂತ. ಪೂರ್ವಕ್ಕೆ ಪೆನುಕೊಂಡೆ, ಉತ್ತರಕ್ಕೆ ರಾಯದುರ್ಗ, ಇನ್ನೂ ಕೆಳಗೆ ತಮಿಳುನಾಡಿನ ಹೊಸೂರು, ಕೃಷ್ಣಗಿರಿ: ಎಲ್ಲಿ ಹೋದರೂ ಕಲ್ಲಿನ ಗುಣ ಹೆಚ್ಚುಕಡಿಮೆ ಇದೇ, ಬಿಸಿಲೂ ಇದೇ.

ಈ ಬೆಟ್ಟಗಳನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಕೆಳಗೆ ನಿಂತರೆ ಗುಡಿ ಕಣ್ಣಿಗೇ ಕಾಣುತ್ತದೆ, ಒಂದು ಗಂಟೆಯ ಕೆಲಸ ಅನ್ನಿಸುತ್ತದೆ. ಹತ್ತುವುದು ನಿಜಕ್ಕೂ ಅಷ್ಟೇ. ಬಿದ್ದವರಲ್ಲಿ ಬಹುಪಾಲು ಬೀಳುವುದು ಇಳಿಯುವಾಗ: ತೊಡೆ ಸೋತಿರುತ್ತದೆ, ಕಲ್ಲು ಕಾದಿರುತ್ತದೆ, ಬಾಟಲಿ ಖಾಲಿ, ಒಂದು ಕೈಯಲ್ಲಿ ಪ್ರಸಾದದ ಚೀಲ, ಇನ್ನೊಂದರಲ್ಲಿ ಮಗು. ಅದಕ್ಕೇ ಇಲ್ಲಿ ಎಲ್ಲ ಲೆಕ್ಕವನ್ನೂ ಇಳಿಯುವುದರಿಂದ ಶುರುಮಾಡಬೇಕು.

ಬೀಗದ ಕೈ ಯಾರ ಹತ್ತಿರ?

ಬೆಟ್ಟದ ಮೇಲಿನ ಎಷ್ಟೋ ಗುಡಿಗಳಿಗೆ ದಿನಾ ಪೂಜೆ ಇರುವುದಿಲ್ಲ. ಪೂಜಾರಿ ಇರುವುದು ಬುಡದ ಊರಲ್ಲಿ, ಮೇಲೆ ಹೋಗುವುದು ವಾರದ ದಿನ ಮಾತ್ರ. ನರಸಿಂಹ, ವೆಂಕಟರಮಣನಿಗಾದರೆ ಸಾಮಾನ್ಯವಾಗಿ ಶನಿವಾರ, ಈಶ್ವರನಿಗಾದರೆ ಸೋಮವಾರ, ಅಮ್ಮನವರಿಗೆ ಮಂಗಳವಾರ ಇಲ್ಲವೇ ಶುಕ್ರವಾರ. ಉಳಿದ ದಿನ ಬೆವರು ಸುರಿಸಿಕೊಂಡು ಹತ್ತಿದವರಿಗೆ ಸಿಗುವುದು ಬೀಗದ ದರ್ಶನ. ಹಿಂದಿನ ಸಂಜೆಯೇ ಊರಿಗೆ ಹೋಗಿ ಅಥವಾ ಫೋನು ಮಾಡಿ ಕೇಳಿ. ಪೂಜಾರಿ ಹೊರಡುವ ಹೊತ್ತಿಗೇ ಹೊರಟರೆ ಎರಡು ಲಾಭ: ಬಾಗಿಲೂ ತೆಗೆದಿರುತ್ತದೆ, ದಾರಿಯೂ ತಪ್ಪುವುದಿಲ್ಲ. ಅವರಿಗೆ ತಟ್ಟೆ ಕಾಸಿನ ಜೊತೆ ಒಂದು ಲೀಟರ್ ನೀರು ಹೊತ್ತುಕೊಂಡು ಹೋದರೆ ದಕ್ಷಿಣೆಗಿಂತ ಹೆಚ್ಚು ಉಪಕಾರ, ಯಾಕೆಂದರೆ ಅಭಿಷೇಕದ ನೀರನ್ನೂ ಅವರೇ ಹೊರಬೇಕು.

ಶ್ರಾವಣ ಶನಿವಾರ, ಕಾರ್ತಿಕ ಸೋಮವಾರಗಳಂದು ಈ ಚಿಂತೆ ಇಲ್ಲ, ಜನವೋ ಜನ. ಆದರೆ ಮೆಟ್ಟಿಲು ಕಿರಿದಾದ ಬೆಟ್ಟಗಳಲ್ಲಿ ಹತ್ತುವವರೂ ಇಳಿಯುವವರೂ ಎದುರುಬದುರಾಗಿ ಸಿಕ್ಕಿಕೊಳ್ಳುತ್ತಾರೆ. ಆಗ ಗೋಡೆಯ ಕಡೆ ಇಳಿಯುವವರಿಗೆ ಬಿಡಿ.

ಕರ್ನಾಟಕದ ಕಡೆಯಿಂದ ಬರುವವರಿಗೆ ಒಂದು ಮಾತು. ಶಕ್ತಿ ಯೋಜನೆಯ ಉಚಿತ ಟಿಕೆಟ್ ರಾಜ್ಯದೊಳಗೆ ಮಾತ್ರ ನಡೆಯುತ್ತದೆ, ಗಡಿ ದಾಟುವ ಬಸ್ಸಿಗೆ ಹಣ ಇಟ್ಟುಕೊಳ್ಳಿ. ಬುಡದ ಊರಿಗೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಅನ್ನುವುದಕ್ಕಿಂತ, ಹತ್ತೂವರೆಯಿಂದ ಹನ್ನೆರಡರ ನಡುವೆ ವಾಪಸ್ ಬಸ್ಸು ಇದೆಯೇ ಎಂದು ಕೇಳಿಕೊಳ್ಳಿ.

ಗಂಟೆಯನ್ನು ಹಿಂದಕ್ಕೆ ಎಣಿಸುವುದು

ಹತ್ತಲು ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ. ಇದು ಮಳೆನೆರಳಿನ ಸೀಮೆ, ಬರುವ ಅಷ್ಟಿಷ್ಟು ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹರಕೆ ಇದ್ದರೆ ಮಾತ್ರ ಹತ್ತಬೇಕು, ಅದೂ ಬೆಳಕು ಹರಿಯುವ ಹೊತ್ತಿಗೇ.

ಲೆಕ್ಕ ಹೀಗೆ. ಮೊದಲು ಮೆಟ್ಟಿಲು ಎಷ್ಟು ಎಂದು ಊರಲ್ಲಿ ಕೇಳಿ. ಕೋಟೆ ಬೆಟ್ಟದ ಮೆಟ್ಟಿಲು ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರ, ಅಂದರೆ ಸಾವಿರ ಮೆಟ್ಟಿಲಿಗೆ ಸುಮಾರು 150ರಿಂದ 225 ಮೀಟರ್ ಏರು. ಮಕ್ಕಳು, ವಯಸ್ಸಾದವರು ಇರುವ ಗುಂಪು ಅಲ್ಲಲ್ಲಿ ಕೂರುವುದೂ ಸೇರಿ ನಿಮಿಷಕ್ಕೆ 20 ಮೆಟ್ಟಿಲು ಹತ್ತುತ್ತದೆ ಎಂದುಕೊಳ್ಳಿ: ಸಾವಿರಕ್ಕೆ 50 ನಿಮಿಷ. ಮೆಟ್ಟಿಲು ಮುಗಿದ ಮೇಲೆ ಬರಿ ಬಂಡೆ ಇದ್ದರೆ ಇನ್ನು 25 ನಿಮಿಷ ಸೇರಿಸಿ. ಇಳಿಯುವುದಕ್ಕೆ ಅರ್ಧ ಹೊತ್ತು ಸಾಕು ಅನ್ನುವುದು ಹುಡುಗರ ಲೆಕ್ಕ, ಮಂಡಿ ನೋವಿನವರು ಒಬ್ಬರಿದ್ದರೂ ಹತ್ತಿದಷ್ಟೇ ಹೊತ್ತು ಹಿಡಿಯುತ್ತದೆ.

ಜನವರಿಯಲ್ಲಿ ಬರಿಗಾಲಿಗೆ ಕಲ್ಲು ಚುರುಗುಟ್ಟಲು ಶುರುವಾಗುವುದು ಹನ್ನೊಂದರ ಸುಮಾರಿಗೆ, ಏಪ್ರಿಲ್‌ನಲ್ಲಿ ಒಂಬತ್ತೂವರೆಗೇ. ಏಪ್ರಿಲ್ ಎಂದುಕೊಂಡರೆ, ಒಂಬತ್ತೂವರೆಗೆ ಬಂಡೆಯಿಂದ ಕಾಲು ತೆಗೆದಿರಬೇಕು. ಇಳಿಯಲು ಒಂದೂಕಾಲು ಗಂಟೆ ತೆಗೆದರೆ ಎಂಟೂಕಾಲು. ಪೂಜೆಗೆ, ಕೂತು ಎದ್ದೇಳುವುದಕ್ಕೆ 45 ನಿಮಿಷ ತೆಗೆದರೆ ಏಳೂವರೆ. ಹತ್ತಲು ಒಂದೂಕಾಲು ಗಂಟೆ ತೆಗೆದರೆ ಆರೂಕಾಲು. ಆ ತಿಂಗಳಲ್ಲಿ ಸೂರ್ಯ ಹುಟ್ಟುವುದೇ ಆರರ ಆಸುಪಾಸು, ಅಂದರೆ ಕೈಯಲ್ಲಿ ಉಳಿಯುವುದು ಹತ್ತು ಹದಿನೈದು ನಿಮಿಷ. ಎಂಟಕ್ಕೆ ಬುಡ ಮುಟ್ಟುವ ವ್ಯಾನು ಬುಕ್ ಮಾಡಿದರೆ ಆ ದಿನ ಬೆಟ್ಟ ಇಲ್ಲ ಎಂದೇ ಲೆಕ್ಕ.

ಸಂಜೆ ಹತ್ತಿದರಾಯಿತು ಅಂದುಕೊಳ್ಳುವವರು ಕಲ್ಲಿನ ಇನ್ನೊಂದು ಗುಣ ಮರೆಯುತ್ತಾರೆ. ಕಾದ ಬಂಡೆ ಬೇಗ ಆರುವುದಿಲ್ಲ. ಬೇಸಿಗೆಯಲ್ಲಿ ಐದು ಗಂಟೆಗೂ ಪಶ್ಚಿಮದ ಮುಖ ಹೆಂಚಿನಂತೆಯೇ ಇರುತ್ತದೆ. ಆಮೇಲೆ ಇಳಿಯುವಾಗ ಕತ್ತಲು.

ಬಂಡೆಯನ್ನು ನೋಡಿ ನಡೆಯುವುದು

ಇಲ್ಲಿ ದಾರಿ ತಪ್ಪಿಸುವುದು ಕುರಿಗಳು. ಕುರಿದಾರಿ ನುಣ್ಣಗೆ, ಅಗಲವಾಗಿ, ನಂಬುವ ಹಾಗೆ ಇರುತ್ತದೆ, ಆದರೆ ಬೆಟ್ಟವನ್ನು ಬಳಸಿಕೊಂಡು ಹುಲ್ಲಿಗೋ ನೀರಿಗೋ ಹೋಗುತ್ತದೆ. ಗುಡಿಯ ದಾರಿ ಏರುತ್ತದೆ. ಗುಂಡುಗಳ ಮೇಲೆ ಸುಣ್ಣದ ಪಟ್ಟೆ, ನಾಮ, ಕುಂಕುಮದ ಬೊಟ್ಟು, ಕಲ್ಲಿನಲ್ಲಿ ಕೊರೆದ ಪಾದ, ಬೆರಳು ಊರುವಷ್ಟು ಕಡಿದ ಗುಳಿ ಕಂಡರೆ ದಾರಿ ಸರಿ. ಐದು ನಿಮಿಷ ಇಂಥ ಗುರುತು ಒಂದೂ ಕಾಣದೆ, ದಾರಿ ಸಮತಟ್ಟಾಗಿಯೇ ಹೋಗುತ್ತಿದ್ದರೆ ಕೊನೆಯ ಗುರುತಿಗೆ ವಾಪಸ್ ಬನ್ನಿ. ಅಡ್ಡದಾರಿ ಹಿಡಿದು ಮೇಲಕ್ಕೆ ಹತ್ತಿಬಿಡೋಣ ಎಂದು ಹೊರಟವರೇ ಇಳಿಯಲಾಗದ ಬಂಡೆಯ ಮೇಲೆ ಸಿಕ್ಕಿಹಾಕಿಕೊಳ್ಳುವುದು.

ಕಲ್ಲಿನ ಮೇಲೆ ಕಲ್ಲು ಪೇರಿಸಿಟ್ಟ ಪುಟ್ಟ ಗುಪ್ಪೆಗಳು ದಾರಿಯ ಗುರುತು ಎಂದು ತಿಳಿಯಬೇಡಿ. ಮನೆ ಕಟ್ಟುವ ಹರಕೆ ಹೊತ್ತವರು ಇಟ್ಟವು ಅವು. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಇಟ್ಟಿರುತ್ತಾರೆ. ಬೀಳಿಸಬೇಡಿ, ಹಿಂಬಾಲಿಸಲೂ ಬೇಡಿ.

ಹಾಸುಬಂಡೆಯ ಮೇಲೆ ಮೇಲಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳನ್ನು ಗಮನಿಸಿ. ಮಳೆನೀರು ಹರಿಯುವ ಜಾಡು ಅದು, ಆ ಕಪ್ಪು ಒಂದು ಬಗೆಯ ಪಾಚಿ. ಒಣಗಿದಾಗ ಮರಳು ಕಾಗದದ ಹಾಗೆ ಕಾಲಿಗೆ ಹಿಡಿತ ಕೊಡುತ್ತದೆ. ನಾಲ್ಕು ಹನಿ ಬಿದ್ದರೆ ಸೋಪು. ಹತ್ತುವಾಗ ಒಣಗಿತ್ತು ಎಂದು ಇಳಿಯುವಾಗಲೂ ಅದೇ ಪಟ್ಟೆಯ ಮೇಲೆ ಕಾಲಿಟ್ಟರೆ, ಮಂಜಿನ ಬೆಳಗಾಗಲಿ ತುಂತುರಾಗಲಿ, ಜಾರುವುದು ಖಂಡಿತ. ಮಳೆ ಬಂದಮೇಲೆ ಪಟ್ಟೆಗಳ ನಡುವಿನ ಬೂದು ಕಲ್ಲಿನ ಮೇಲಷ್ಟೇ ನಡೆಯಿರಿ.

ಎರಡನೆಯದು ಗರಸು. ಬಂಡೆ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಪುಡಿ ಉದುರಿಸುತ್ತದೆ. ಜೋಳದ ಕಾಳಿನಷ್ಟು ದಪ್ಪದ ಈ ಹರಳು ಇಳಿಜಾರಿನ ಮೇಲೆ ಗುಂಡು ಬೇರಿಂಗಿನ ಕೆಲಸ ಮಾಡುತ್ತದೆ. ಮೂರನೆಯದು ಪದರ. ಈರುಳ್ಳಿ ಸಿಪ್ಪೆಯಂತೆ ಬಂಡೆಯ ಮೇಲ್ಪದರ ಬಿಟ್ಟುಕೊಂಡಿರುತ್ತದೆ. ಹಿಡಿಯುವ ಮೊದಲು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಗಟ್ಟಿ ಕಲ್ಲು ಮಾತಾಡುವುದಿಲ್ಲ, ಬಿಟ್ಟ ಪದರ ಖಾಲಿ ಮಡಕೆಯ ಹಾಗೆ ಡಬಡಬ ಅನ್ನುತ್ತದೆ. ಆ ಸದ್ದು ಬಂದ ಕಡೆ ಕೈ ಹಿಡಿದು ಮೈ ಎತ್ತಬೇಡಿ.

ಇವೆಲ್ಲಕ್ಕಿಂತ ಹೆಚ್ಚು ಜನ ಬೀಳುವ ಜಾಗ ಗುಡಿಯ ಬಾಗಿಲಲ್ಲೇ ಇದೆ. ಈಡುಗಾಯಿ ಒಡೆಯುವ ಕಲ್ಲಿನ ಸುತ್ತ ಕಾಯಿನೀರು, ದೀಪದ ಎಣ್ಣೆ, ತುಳಿದ ಬಾಳೆಸಿಪ್ಪೆ ಸೇರಿ, ನೂರಾರು ವರ್ಷದ ಪಾದಗಳು ಸವೆಸಿದ ಮೆಟ್ಟಿಲ ಮೇಲೆ ಒಂದು ಪೊರೆ ಕಟ್ಟಿರುತ್ತದೆ. ಗರುಡಗಂಬದಿಂದ ಕೆಳಗಿನ ಹತ್ತು ಹದಿನೈದು ಮೆಟ್ಟಿಲನ್ನು ಪಕ್ಕದ ಅಂಚಿನಲ್ಲಿ ಇಳಿಯಿರಿ, ನಡುವೆ ಬೇಡ. ದೀಪಕ್ಕೆ ಎಣ್ಣೆ ಒಯ್ಯುವವರು ಬಾಟಲಿ ಹಿಡಿದು ಹೊಯ್ಯುವ ಬದಲು ಮನೆಯಲ್ಲೇ ಎಣ್ಣೆಯಲ್ಲಿ ನೆನೆಸಿದ ಬತ್ತಿಯನ್ನು ಡಬ್ಬಿಯಲ್ಲಿ ತಂದರೆ ಹಿಂದೆ ಬರುವವರ ಸೊಂಟ ಉಳಿಯುತ್ತದೆ.

ಕಾಲಿಗೆ, ಬೆನ್ನಿಗೆ, ಹೊಟ್ಟೆಗೆ

ಬುಡದಿಂದಲೇ ಬರಿಗಾಲು ಎಂಬುದು ಹರಕೆ ಹೊತ್ತವರ ಮಾತು. ಹೆಚ್ಚಿನ ಕಡೆ ಚಪ್ಪಲಿ ಬಿಡುವುದು ಕೊನೆಯ ಬಾಗಿಲ ಹತ್ತಿರ. ಎಲ್ಲಿ ಬಿಡಬೇಕು ಎಂದು ಊರಲ್ಲೇ ಕೇಳಿಕೊಳ್ಳಿ. ತೊಡುವುದು ಹಳೆಯ, ಮೆತ್ತನೆ ರಬ್ಬರ್ ಅಟ್ಟೆಯ ಶೂ ಇರಲಿ. ತೊಗಲಿನ ಚಪ್ಪಲಿಯೂ ಅಟ್ಟೆ ಸವೆದ ಹವಾಯಿಯೂ ಬೇಡ. ಬುಡದ ಒಂದು ಇಳಿಜಾರು ಕಲ್ಲಿಗೆ ನೀರು ಚೆಲ್ಲಿ ನಿಂತು ನೋಡಿ. ಅಲ್ಲೇ ಜಾರಿದರೆ ಮೇಲೆ ಕೇಳಬೇಕಾಗಿಲ್ಲ. ಬರಿಗಾಲಲ್ಲೇ ಹೋಗುವವರು ಮಡಿಸಿದ ಗೋಣಿತಾಟಿನ ಎರಡು ತುಂಡು ಇಟ್ಟುಕೊಳ್ಳಿ: ಇಳಿಯುವಾಗ ಕಾಲು ಸುಟ್ಟರೆ ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದೆ ಹಾಕುತ್ತಾ ನೆರಳಿನವರೆಗೆ ಬರಬಹುದು. ಕಾಲುಚೀಲ ಬಿಸಿಯನ್ನು ತಡೆಯುತ್ತದೆ ನಿಜ, ಸವೆದ ಮೆಟ್ಟಿಲ ಮೇಲೆ ಜಾರಿಸುತ್ತದೆ.

ಪಂಚೆ, ಸೀರೆ ಉಡುವವರು ಕಚ್ಚೆ ಹಾಕಿ. ಇಳಿಯುವಾಗ ನೆರಿಗೆಯ ಅಂಚು ತಮ್ಮದೇ ಹಿಮ್ಮಡಿಯ ಕೆಳಗೆ ಸಿಕ್ಕುತ್ತದೆ. ಪೂಜೆ ಸಾಮಾನು ಬೆನ್ನ ಚೀಲದಲ್ಲಿ ಇರಲಿ, ಎರಡೂ ಕೈ ಖಾಲಿ. ಪ್ಲಾಸ್ಟಿಕ್ ಕವರಂತೂ ಬೇಡವೇ ಬೇಡ. ಈ ಬೆಟ್ಟಗಳ ಕೋತಿಗಳು ಕವರಿನ ಸರಪರ ಸದ್ದನ್ನು ಐವತ್ತು ಹೆಜ್ಜೆಯಿಂದ ಗುರುತಿಸುತ್ತವೆ. ಕಿತ್ತುಕೊಂಡರೆ ಬಿಟ್ಟುಬಿಡಿ. ಮೆಟ್ಟಿಲ ಮೇಲೆ ಕೋತಿಯೊಡನೆ ಎಳೆದಾಡುವುದು ಅರ್ಧ ಡಜನ್ ಬಾಳೆಹಣ್ಣಿಗೆ ತಕ್ಕ ಕೆಲಸ ಅಲ್ಲ.

ನೀರು ಚಳಿಗಾಲದಲ್ಲಿ ಆಳಿಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು. ಅರ್ಧ ಭಾಗವನ್ನು ಇಳಿಯುವುದಕ್ಕೆ ಎಂದು ಬೇರೆ ಬಾಟಲಿಯಲ್ಲಿಡಿ, ಮೇಲೆ ಮುಟ್ಟುವವರೆಗೆ ಅದರ ಮುಚ್ಚಳ ತೆಗೆಯಬೇಡಿ. ತಲೆಸುತ್ತು, ಸ್ನಾಯು ಸೆಳೆತ ಬಂದವರಿಗೆ ಬರಿ ನೀರಿಗಿಂತ ಉಪ್ಪು ಸಕ್ಕರೆ ನೀರು ಒಳ್ಳೆಯದು: ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ತೊಂದರೆ, ಅಂದಾಜಿನಲ್ಲಿ ಹಾಕಬೇಡಿ. ತಿನ್ನಲು ಹುರಿದ ಕಡಲೆಕಾಯಿ ಬೀಜ, ಬೆಲ್ಲ, ರೊಟ್ಟಿ, ಚಟ್ನಿಪುಡಿ ಸಾಕು.

ಉಪವಾಸದ ವಿಷಯದಲ್ಲಿ ಮುಲಾಜು ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಂಡು, ದೇವರ ದರ್ಶನ ಆಗುವವರೆಗೆ ಹೊಟ್ಟೆಗೆ ಏನೂ ಹಾಕದೆ ಹತ್ತುವವರು ಪ್ರತಿ ಶ್ರಾವಣದಲ್ಲೂ ಇರುತ್ತಾರೆ. ಕೈ ನಡುಕ, ತಣ್ಣನೆ ಬೆವರು, ಮಾತು ತೊದಲುವುದು ಕಂಡರೆ ಅಲ್ಲೇ ಕೂರಿಸಿ ಮೂರು ಚಮಚ ಸಕ್ಕರೆ ಇಲ್ಲವೇ ಒಂದು ಅಚ್ಚು ಬೆಲ್ಲ ಕೊಡಿ, ಕಾಲು ಗಂಟೆ ಕಾಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಹೆಜ್ಜೇನು

ಚಿರತೆ, ಕರಡಿಗೆ ಹೆದರುವ ಜನ ಹೆಜ್ಜೇನಿನ ಕೆಳಗೆ ಕೂತು ಊಟ ಮಾಡುತ್ತಾರೆ. ಚಾಚಿಕೊಂಡ ಬಂಡೆಯ ಅಡಿಯಲ್ಲಿ, ಕೋಟೆಬಾಗಿಲ ಕಮಾನಿನಲ್ಲಿ, ಗೋಪುರದ ಸಂದಿಯಲ್ಲಿ ಅರ್ಧಚಂದ್ರದಂತೆ ತೂಗುವ ಕಪ್ಪು ಹುಟ್ಟು ಅದು. ಹುಳು ವಲಸೆ ಹೋಗುತ್ತದೆ, ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹೀಗಾಗಿ ಹುಟ್ಟು ಇಲ್ಲದಿದ್ದರೂ ಬಂಡೆಯ ಸೂರಿನಲ್ಲಿ ಕಪ್ಪು ಮೇಣದ ಕಲೆ ಇದ್ದರೆ ಅದು ಅವುಗಳ ಮನೆ ಎಂದೇ ತಿಳಿಯಿರಿ. ಕೆಣಕುವುದು ಹೊಗೆ, ಪಟಾಕಿ, ಎಸೆದ ಕಲ್ಲು, ಹತ್ತಿರ ಹಾರಿಸಿದ ಡ್ರೋನ್, ಘಾಟು ಸೆಂಟು. ಹುಟ್ಟಿನ ಕೆಳಗಿನ ಗವಿಗುಡಿಯಲ್ಲಿ ಕರ್ಪೂರದ ರಾಶಿ ಹಚ್ಚುವ ಮೊದಲು ಒಮ್ಮೆ ಮೇಲೆ ನೋಡಿ.

ಒಂದು ಹುಳು ಕಚ್ಚಿದರೆ ಮುಳ್ಳಿನ ಜೊತೆ ಒಂದು ವಾಸನೆ ಬಿಡುತ್ತದೆ, ಹೆಚ್ಚುಕಡಿಮೆ ಬಾಳೆಹಣ್ಣಿನದೇ ವಾಸನೆ. ಅದು ಉಳಿದವಕ್ಕೆ ಕರೆ. ಅಲ್ಲೇ ನಿಂತು ಕೈ ಬೀಸಿದಷ್ಟೂ ಹೆಚ್ಚು ಬರುತ್ತವೆ. ಪಂಚೆ, ಸೆರಗು, ಟವೆಲ್ ಏನಿದ್ದರೆ ಅದನ್ನು ತಲೆ, ಮುಖ, ಕತ್ತಿಗೆ ಸುತ್ತಿ ಕಣ್ಣಿಗೆ ಮಾತ್ರ ಸಂದಿ ಬಿಟ್ಟು ಅಲ್ಲಿಂದ ಹೊರಡಿ. ನೂರಾರು ಮೀಟರ್ ಅಟ್ಟಿಸಿಕೊಂಡು ಬರುತ್ತವೆ. ಆದರೆ ಬಂಡೆಯ ಮೇಲೆ ಓಡಿದರೆ ಹುಳುವಿಗಿಂತ ಮೊದಲು ಬಂಡೆಯೇ ಕೊಲ್ಲುತ್ತದೆ. ಮೆಟ್ಟಿಲಿದ್ದರೆ ಮೆಟ್ಟಿಲ ಮೇಲೇ ಬೇಗ ಇಳಿಯಿರಿ. ಗುಡಿಗೆ ಬಾಗಿಲಿದ್ದರೆ ಒಳಗೆ ಹೋಗಿ ಹಾಕಿಕೊಳ್ಳಿ. ನೀರಿಗೆ ಹಾರಬೇಡಿ, ತಲೆ ಎತ್ತುವವರೆಗೆ ಮೇಲೇ ಕಾಯುತ್ತವೆ. ದೂರ ಬಂದಮೇಲೆ ಉಗುರಿನಿಂದ ಕೆರೆದು ಮುಳ್ಳು ತೆಗೆಯಿರಿ, ಎಷ್ಟು ಬೇಗ ತೆಗೆದರೆ ಅಷ್ಟು ವಿಷ ಕಡಿಮೆ. ತುಟಿ, ನಾಲಗೆ ಊದಿದರೆ, ಉಸಿರು ಕಟ್ಟಿದರೆ, ಅಥವಾ ಹತ್ತಾರು ಕಡೆ ಕಚ್ಚಿದ್ದರೆ ಸುಣ್ಣ ಹಚ್ಚುತ್ತಾ ಕೂರಬೇಡಿ, ಆಸ್ಪತ್ರೆ.

ದೊಣೆ, ಕರಡಿ, ಹಾವು, ಸಿಡಿಲು

ಕೋಟೆ ಬೆಟ್ಟಗಳ ಮೇಲೆ ಕಲ್ಲಿನ ಗುಳಿಗಳಲ್ಲಿ ನೀರು ನಿಂತ ದೊಣೆಗಳಿವೆ. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ರಾಜಧಾನಿಯಾದ ಪೆನುಕೊಂಡೆಯಂಥ ದುರ್ಗವನ್ನು ಕಾದವರು ಬದುಕಿದ್ದೇ ಇಂಥ ಮಳೆನೀರು ಹಿಡಿದಿಟ್ಟು. ನೋಡಲು ತಿಳಿ. ಅಂಚಿನ ಪಾಚಿ ನೀರಿನ ಮಟ್ಟದಲ್ಲಿ ಲೋಳೆಯಂತೆ, ಪಕ್ಕೆ ಬೋಗುಣಿಯಂತೆ ಜಾರು. ಈಜು ಬಂದವರೂ ಬಿದ್ದರೆ ಹಿಡಿಯಲು ಒಂದು ಏಣು ಸಿಗುವುದಿಲ್ಲ. ಕಾಲು ತೊಳೆಯಲೇಬೇಕಾದರೆ ಮೆಟ್ಟಿಲು ಕಡಿದ ಕಡೆ ಕೂತು ಚೊಂಬಿನಿಂದ ತೊಳೆಯಿರಿ. ಬಿದ್ದವರಿಗೆ ಸೀರೆ, ಪಂಚೆ ಎಸೆದು ಎಳೆಯಿರಿ, ಹಿಂದೆಯೇ ಹಾರಬೇಡಿ. ಕುಡಿಯುವುದಿದ್ದರೆ ಕುದಿಸಿ.

ಗುಂಡುಗಳ ಸಂದಿ ಕರಡಿಯ ಮನೆ. ಸೀತಾಫಲ ಹಣ್ಣಾಗುವ ತಿಂಗಳಲ್ಲಿ ದಾರಿಯ ಮೇಲೇ ಕಪ್ಪು ಬೀಜ ತುಂಬಿದ ಲದ್ದಿ ಕಂಡರೆ ಅದು ಅಲ್ಲಿ ಓಡಾಡಿದೆ ಎಂದರ್ಥ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬಂಟಿ ಹೋಗಬೇಡಿ. ಜೋರಾಗಿ ಮಾತಾಡುತ್ತಾ, ಗೋವಿಂದ ಹೇಳುತ್ತಾ ಹೋಗಿ. ಅದಕ್ಕೆ ಕಿವಿ, ಕಣ್ಣು ಮಂದ. ದಿಢೀರನೆ ಎದುರಾದರೆ ಹೆದರಿ ಮೇಲೆ ಬೀಳುತ್ತದೆ. ಗೋವಿಂದ ನಾಮಕ್ಕೆ ಈ ಉಪಯೋಗವೂ ಉಂಟು. ಹಾವಿನ ವಿಷಯ ಚುಟುಕು: ಕಾಣದ ಸಂದಿಗೆ ಕೈ ಹಾಕಬೇಡಿ. ಈ ಕಲ್ಲು, ಮುಳ್ಳಿನ ಸೀಮೆ ಗರಗಸ ಮಂಡಲಕ್ಕೆ ಹೇಳಿ ಮಾಡಿಸಿದ ಜಾಗ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಅಂಗ ಅಲುಗಾಡದಂತೆ ಕೋಲು ಕಟ್ಟಿ, ಹೊತ್ತುಕೊಂಡು ಇಳಿಸಿ, ವಿಷಕ್ಕೆ ಪ್ರತಿಮದ್ದು ಇರುವ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ.

ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ಸಿಡಿಲು ಬರುತ್ತದೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ನೆತ್ತಿ ಬಿಡಿ. ಗರುಡಗಂಬ, ಕಬ್ಬಿಣದ ಕಂಬಿ, ಒಂಟಿ ಮರದ ಹತ್ತಿರ ನಿಲ್ಲಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮತ್ತೆ ಹತ್ತಬೇಡಿ.

ಇನ್ನು ಫೋನು. ಗಡಿಯ ಬೆಟ್ಟದ ನೆತ್ತಿಯಲ್ಲಿ ಮೊಬೈಲು ಒಮ್ಮೆ ಆಂಧ್ರದ, ಒಮ್ಮೆ ಕರ್ನಾಟಕದ ಟವರು ಹಿಡಿಯುತ್ತದೆ. 108ಕ್ಕೆ ಮಾಡಿದ ಕರೆ ಪಕ್ಕದ ರಾಜ್ಯಕ್ಕೆ ಹೋಗಬಹುದು. ಮೊದಲ ಮಾತಿನಲ್ಲೇ ರಾಜ್ಯ, ಜಿಲ್ಲೆ, ಮಂಡಲ, ಬುಡದ ಊರಿನ ಹೆಸರು ಹೇಳಿ. ಬೆಟ್ಟದ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನ ನರಸಿಂಹನ ಬೆಟ್ಟಗಳು ಈ ಸುತ್ತಿನಲ್ಲಿ ಬೇಕಾದಷ್ಟಿವೆ.

ಇಳಿಯುವುದು

ಪೂಜೆ ಮುಗಿದ ಕೂಡಲೇ ಏಳಬೇಡಿ. ಹದಿನೈದು ನಿಮಿಷ ನೆರಳಲ್ಲಿ ಕೂತು, ಎರಡನೇ ಬಾಟಲಿಯಿಂದ ಕುಡಿದು, ಏನಾದರೂ ತಿಂದು, ಶೂ ದಾರ ಬಿಗಿಮಾಡಿಕೊಳ್ಳಿ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ, ಗಟ್ಟಿಗ ಒಬ್ಬ ಕೊನೆಗೆ. ಮಕ್ಕಳಿಗಿಂತ ಎರಡು ಮೆಟ್ಟಿಲು ಕೆಳಗೆ ದೊಡ್ಡವರಿರಲಿ. ಮೇಲೆ ನಿಂತು ಕೈ ಹಿಡಿದರೆ ಮಗು ಜಾರಿದಾಗ ಇಬ್ಬರೂ ಉರುಳುತ್ತಾರೆ.

ಹಾಸುಬಂಡೆಯ ಮೇಲೆ ಹೆದರಿದವರು ಹಿಂದಕ್ಕೆ ವಾಲುತ್ತಾರೆ. ಭಾರ ಹಿಮ್ಮಡಿಗೆ ಬೀಳುತ್ತದೆ, ಹಿಮ್ಮಡಿ ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಇಡೀ ಅಂಗಾಲು ಕಲ್ಲಿಗೆ ಅಂಟುವ ಹಾಗೆ ಊರಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಅರ್ಧ ಅಡಿಯ ಹೆಜ್ಜೆ ಇಡಿ. ನೇರ ಇಳಿಯದೆ ಓರೆಯಾಗಿ, ಹಾವಿನ ನಡಿಗೆಯಂತೆ. ಕಡಿದು ಅನ್ನಿಸಿದ ಕಡೆ ಬಂಡೆಗೆ ಮುಖ ಮಾಡಿ ಏಣಿ ಇಳಿಯುವಂತೆ ಇಳಿಯಿರಿ. ಕೂತು ಜರುಗುವುದು ನಾಲ್ಕು ಮಾರಿಗೆ ಸರಿ. ಅದಕ್ಕಿಂತ ಉದ್ದದ ಇಳಿಜಾರಲ್ಲಿ ಗರಸಿನ ಮೇಲೆ ಒಮ್ಮೆ ಓಟ ಹಿಡಿದರೆ ನಿಲ್ಲಿಸಲಾಗುವುದಿಲ್ಲ. ಊರುಗೋಲು ಮಣ್ಣಿನ ದಾರಿಗೆ ಒಳ್ಳೆಯದು, ಬಂಡೆಯ ಮೇಲೆ ತುದಿಗೆ ರಬ್ಬರ್ ಇಲ್ಲದಿದ್ದರೆ ಅದೇ ಮೊದಲು ಜಾರುತ್ತದೆ. ಮಾತು, ಸೆಲ್ಫಿ ಎಲ್ಲ ನಿಂತಾಗ.

ಬುಡಕ್ಕೆ ಬಂದಮೇಲೆ ತಲೆ ಎಣಿಸಿ. ಪೂಜಾರಿ ಬಾರದೆ ಬೀಗದ ಕೈ ನೀವೇ ತಂದಿದ್ದರೆ ಅವರ ಮನೆಗೆ ಹೋಗಿ ಕೊಟ್ಟು, ಎಷ್ಟು ಜನ ಹತ್ತಿದ್ದೆವೋ ಅಷ್ಟೂ ಜನ ಇಳಿದಿದ್ದೇವೆ ಎಂದು ಹೇಳಿಯೇ ಬಸ್ ಸ್ಟ್ಯಾಂಡಿಗೆ ಹೋಗಿ. ಹೇಳದೆ ಹೋದರೆ ಸಂಜೆ ಯಾರಾದರೂ ಬ್ಯಾಟರಿ ಹಿಡಿದು ನಿಮ್ಮನ್ನು ಹುಡುಕಲು ಹತ್ತುತ್ತಾರೆ.